ತಾಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿಗೆ ಓಟು ಹಾಕಿ ಹತ್ತು ವರ್ಷ: ಯಾರೂ ಯಾಕೆ ಕೇಳುತ್ತಿಲ್ಲ?

ಬಯಲುಸೀಮೆ ಹುಡುಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನಗೀಗ 25 ವರ್ಷ. 2020ರ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯಿತಿಗೆ ಓಟು ಹಾಕಿದೆ, 2023ರಲ್ಲಿ ವಿಧಾನಸಭೆಗೆ ಹಾಕಿದೆ, 2024ರಲ್ಲಿ ಲೋಕಸಭೆಗೆ ಹಾಕಿದೆ. ತಾಪಂಗೂ ಜಿಪಂಗೂ ಒಂದು ಸಲವೂ ಹಾಕಿಲ್ಲ. ಕೊನೆಯ ಚುನಾವಣೆ ನಡೆದದ್ದು 2016ರ ಫೆಬ್ರವರಿಯಲ್ಲಿ, ಆಗ ನಾನಿನ್ನೂ ಹೈಸ್ಕೂಲಿನಲ್ಲಿದ್ದೆ.

ಮೊನ್ನೆ ನಮ್ಮೂರ ಪಶು ಆಸ್ಪತ್ರೆಗೆ ಡಾಕ್ಟರ್ ಬಂದು ತಿಂಗಳುಗಳೇ ಆದವು ಅಂತ ಅರ್ಜಿ ಹಿಡಿದುಕೊಂಡು ತಾಲೂಕು ಪಂಚಾಯಿತಿ ಕಚೇರಿಗೆ ಹೋಗಿದ್ದೆ. ಯಾರಿಗೆ ಕೊಡಬೇಕು ಅಂತ ಕೇಳಿದರೆ ಟಪಾಲಿಗೆ ಹಾಕಿ ಹೋಗಿ ಅಂದರು. ಅಧ್ಯಕ್ಷರ ಕೊಠಡಿಗೆ ಬೀಗ. ಗೋಡೆಯ ಮೇಲಿನ ಸದಸ್ಯರ ಪಟ್ಟಿ ಹಳೆಯದು, ಅದರಲ್ಲಿದ್ದ ನಮ್ಮ ಕ್ಷೇತ್ರದವರು ತೀರಿಕೊಂಡೇ ಬಹಳ ದಿನ ಆಯಿತು.

ನಮ್ಮ ವಾಟ್ಸಾಪ್ ಗುಂಪಿನಲ್ಲಿ ಟ್ರಂಪ್ ಸುಂಕದ ಬಗ್ಗೆ, ಉಕ್ರೇನ್ ಬಗ್ಗೆ, ಲೋಕಸಭೆ ಕ್ಷೇತ್ರ ಮರುವಿಂಗಡಣೆ ಬಗ್ಗೆ ರಾತ್ರಿ ಹನ್ನೊಂದರವರೆಗೂ ಚರ್ಚೆ ನಡೆಯುತ್ತದೆ. ಇದನ್ನು ಹಾಕಿದೆ, ಒಬ್ಬರೂ ಉತ್ತರಿಸಲಿಲ್ಲ. ತಾಪಂ, ಜಿಪಂ ಇಲ್ಲದಿದ್ದರೆ ನಿಜವಾಗಿ ಏನಾದರೂ ನಷ್ಟ ಇದೆಯೇ? ತಿಳಿದವರು ಹೇಳಿ.

ಕಲ್ಲು ಮರಳು

ನಷ್ಟ ಏನೂ ಇಲ್ಲ ತಮ್ಮ. ನಾನು ಸಣ್ಣ ಕಾಮಗಾರಿಗಳನ್ನು ಮಾಡಿಸಿದವನು, ಹತ್ತಿರದಿಂದ ನೋಡಿದ್ದೇನೆ. ತಾಪಂಗೆ ಬರುತ್ತಿದ್ದ ದುಡ್ಡಿನಲ್ಲಿ ಮುಕ್ಕಾಲು ಪಾಲು ಸಂಬಳಕ್ಕೇ ಹೋಗುತ್ತಿತ್ತು. ಉಳಿದದ್ದನ್ನು ಸದಸ್ಯರು ತಲಾ ಇಷ್ಟು ಅಂತ ಹಂಚಿಕೊಂಡು ಚರಂಡಿ, ಸಿಸಿ ರಸ್ತೆ ಬರೆಸುತ್ತಿದ್ದರು. ಅರ್ಧ ಸದಸ್ಯರು ಹೆಣ್ಣುಮಕ್ಕಳು, ಸಭೆಗೆ ಬರುತ್ತಿದ್ದವರು ಅವರ ಗಂಡಂದಿರು. ಕೆಳಗೆ ಗ್ರಾಮ ಪಂಚಾಯಿತಿ ಇದೆ, ಮೇಲೆ ಶಾಸಕರಿದ್ದಾರೆ, ನಡುವೆ ಇನ್ನೊಂದು ಮೆಟ್ಟಿಲು ಬೇಕಾಗಿಲ್ಲ. 2021ರಲ್ಲಿ ತಾಪಂ ರದ್ದು ಮಾಡುವ ಮಾತು ಸರ್ಕಾರದೊಳಗೇ ಬಂದಿತ್ತು. ಮಾಡಿಬಿಡಬೇಕಿತ್ತು.

ಹಳೇ ಸದಸ್ಯೆ

ನಾನು 2016ರಲ್ಲಿ ಗೆದ್ದು 2021ರವರೆಗೆ ತಾಲೂಕು ಪಂಚಾಯಿತಿ ಸದಸ್ಯೆಯಾಗಿದ್ದವಳು. ತುಮಕೂರು ಜಿಲ್ಲೆ, ಪರಿಶಿಷ್ಟ ಜಾತಿ ಮಹಿಳಾ ಮೀಸಲು ಕ್ಷೇತ್ರ. ತಾಲೂಕಿನ ಹೆಸರು ಬೇಡ. ಯಾವ ಪಕ್ಷ ಅನ್ನುವುದೂ ಇಲ್ಲಿ ಮುಖ್ಯವಲ್ಲ, ಯಾಕೆಂದರೆ ನಾನು ಹೇಳಬೇಕಾದ್ದು ಎಲ್ಲ ಪಕ್ಷದವರ ಬಗ್ಗೆ.

ತಮ್ಮಾ, ನಿನ್ನ ಅರ್ಜಿ ಟಪಾಲಿಗೆ ಹೋಯಿತಲ್ಲ, ನಷ್ಟ ಅಂದರೆ ಅದೇ. ನಮ್ಮ ಕಾಲದಲ್ಲಿ ಎರಡು ತಿಂಗಳಿಗೊಮ್ಮೆ ಸಾಮಾನ್ಯ ಸಭೆ ಇರುತ್ತಿತ್ತು. ಕೃಷಿ, ಪಶುಸಂಗೋಪನೆ, ಸಮಾಜ ಕಲ್ಯಾಣ, ಶಿಕ್ಷಣ ಇಲಾಖೆಯ ಬಿಇಒ, ತಾಲೂಕು ಆರೋಗ್ಯಾಧಿಕಾರಿ, ಕುಡಿಯುವ ನೀರಿನ ಎಂಜಿನಿಯರ್ ಎಲ್ಲರೂ ಫೈಲು ಹಿಡಿದು ಬಂದು ಕೂರಬೇಕು. ಒಬ್ಬೊಬ್ಬರೇ ಎದ್ದು ನಿಂತು ಪ್ರಗತಿ ವರದಿ ಓದಬೇಕು. ಓದುತ್ತಿರುವಾಗಲೇ ತಡೆದು, "ಸಾರ್, ನಮ್ಮ ಹೋಬಳಿಯಲ್ಲಿ ಕಾಲುಬಾಯಿ ಜ್ವರದ ಲಸಿಕೆ ಹಾಕಿದ್ದೀವಿ ಅಂತ ಓದಿದ್ರಲ್ಲ, ಯಾವ ಊರಲ್ಲಿ ಹಾಕಿದ್ರಿ?" ಅಂತ ಕೇಳುವ ಹಕ್ಕು ನನಗಿತ್ತು. ಕೇಳಿದ್ದೇನೆ. ಮುಂದಿನ ವಾರ ಲಸಿಕೆಯವರು ಬಂದಿದ್ದಾರೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿ, ಕೂಲಿ ಮನೆಯವಳು. ಆ ಕೊಠಡಿಯ ಹೊರಗೆ ಅದೇ ಅಧಿಕಾರಿ ನನ್ನನ್ನು ಬಾಗಿಲಲ್ಲೇ ನಿಲ್ಲಿಸುತ್ತಿದ್ದರು. ಒಳಗೆ ನಿಂತುಕೊಂಡು ಉತ್ತರ ಕೊಡಬೇಕಿತ್ತು, ಆ ಉತ್ತರ ನಡಾವಳಿ ಪುಸ್ತಕಕ್ಕೆ ಹತ್ತುತ್ತಿತ್ತು.

ಈಗ ಅಲ್ಲಿ ಆರಿಸಿ ಬಂದವರ ಬದಲು ಸರ್ಕಾರ ನೇಮಿಸಿದ ಆಡಳಿತಾಧಿಕಾರಿ ಕೂತಿದ್ದಾರೆ. ಕ್ರಿಯಾ ಯೋಜನೆ ತಯಾರಿಸುವವರೂ ಅಧಿಕಾರಿ, ಮಂಜೂರು ಮಾಡುವವರೂ ಅಧಿಕಾರಿ, ಸರಿಯಾಗಿ ಆಯಿತೇ ಅಂತ ನೋಡುವವರೂ ಅಧಿಕಾರಿ. ಅವರು ಒಳ್ಳೆಯವರೇ ಇರಬಹುದು, ಕೆಲವರು ತುಂಬ ಒಳ್ಳೆಯವರು. ಆದರೆ ಅವರ ಮನೆ ಮುಂದೆ ಬೆಳಿಗ್ಗೆ ಆರಕ್ಕೆ ಕೊಡ ಹಿಡಿದು ನಿಲ್ಲುವವರು ಯಾರೂ ಇಲ್ಲ. ನನ್ನ ಮನೆ ಮುಂದೆ ನಿಲ್ಲುತ್ತಿದ್ದರು.

ಕಲ್ಲು ಮರಳು ಅವರೇ, ದುಡ್ಡು ಸಂಬಳಕ್ಕೆ ಹೋಗುತ್ತಿತ್ತು ಅನ್ನುತ್ತೀರಿ. ನಿಜ. ಯಾರ ಸಂಬಳ ಅದು? ಮೇಷ್ಟ್ರದು, ಹಾಸ್ಟೆಲ್ ವಾರ್ಡನ್‌ದು. ಅವರು ಕೆಲಸಕ್ಕೆ ಬರುತ್ತಾರೋ ಇಲ್ಲವೋ ಅಂತ ಕೇಳುವುದು ಸಣ್ಣ ಕೆಲಸವೇ? ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲಿಗೆ ನಾವು ಮೂರು ಜನ ಹೆಣ್ಣುಮಕ್ಕಳು ಹೇಳದೆ ಕೇಳದೆ ಊಟದ ಹೊತ್ತಿಗೆ ಹೋಗುತ್ತಿದ್ದೆವು. ಸಾರಿನಲ್ಲಿ ಬೇಳೆ ಇದೆಯೋ ಅಂತ ಸೌಟು ಹಾಕಿ ನೋಡುತ್ತಿದ್ದೆವು. ಅದಕ್ಕೆ ಯಾವ ಅನುದಾನವೂ ಬೇಕಿರಲಿಲ್ಲ, ಸದಸ್ಯೆ ಅನ್ನುವ ಗುರುತು ಇದ್ದರೆ ಸಾಕಿತ್ತು.

ಗಂಡಂದಿರ ಮಾತು. ಹೌದು, ಮೊದಲ ಸಭೆಗಳಿಗೆ ಬಹಳ ಜನರ ಗಂಡ, ಮೈದುನ, ಮಾವ ಬಂದಿದ್ದರು. ನಮ್ಮ ತಾಪಂ ಕಾರ್ಯನಿರ್ವಾಹಕ ಅಧಿಕಾರಿ ಆ ಗಂಡಸರನ್ನೆಲ್ಲ ಹೊರಗೆ ಬೆಂಚಿನ ಮೇಲೆ ಕೂರಿಸಿದರು. ಎರಡನೇ ವರ್ಷದ ಹೊತ್ತಿಗೆ ಆ ಬೆಂಚು ಖಾಲಿಯಾಯಿತು. ಹೆಣ್ಣುಮಕ್ಕಳು ಮಾತಾಡುವುದನ್ನು ಕಲಿಯಲು ಒಂದು ಅವಧಿ ಬೇಕು, ಆ ಕಲಿಕೆ ಊರಿಗೆ ದಕ್ಕಲು ಇನ್ನೊಂದು ಅವಧಿ ಬೇಕು. ನಮಗೆ ಆ ಇನ್ನೊಂದು ಅವಧಿಯನ್ನು ಕೊಡಲೇ ಇಲ್ಲ.

ನನಗೆ ಹೊಟ್ಟೆಯುರಿಯುವುದು ಇಲ್ಲೇ. 2023ರ ಸೆಪ್ಟೆಂಬರ್‌ನಲ್ಲಿ ಸಂಸತ್ತಿನಲ್ಲಿ ಮಹಿಳಾ ಮೀಸಲಾತಿ ಪಾಸಾಯಿತು, ಶೇಕಡಾ 33. ಟಿವಿಯವರೆಲ್ಲ ಇಡೀ ದಿನ ತೋರಿಸಿದರು. ಅದು ಜಾರಿಗೆ ಬರಬೇಕಾದರೆ ಜನಗಣತಿ, ಕ್ಷೇತ್ರ ಮರುವಿಂಗಡಣೆ ಆಗಬೇಕು ಅಂತ ಕಾನೂನಿನಲ್ಲೇ ಬರೆದಿಟ್ಟರು. ಅದೇ ಹೊತ್ತಿನಲ್ಲಿ ಕರ್ನಾಟಕದಲ್ಲಿ ಶೇಕಡಾ 50 ಮೀಸಲಾತಿ ಇರುವ ಸಾವಿರಕ್ಕೂ ಹೆಚ್ಚು ಜಿಪಂ ಸ್ಥಾನ, ಮೂರೂವರೆ ಸಾವಿರಕ್ಕೂ ಹೆಚ್ಚು ತಾಪಂ ಸ್ಥಾನ ಖಾಲಿ ಬಿದ್ದಿದ್ದವು. ಎರಡು ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳು ಕೂರಬೇಕಾದ ಕುರ್ಚಿಗಳವು. ಆ ಚರ್ಚೆಯಲ್ಲಿ ನಮ್ಮ ಕಡೆಯ ಎಷ್ಟು ಜನ ಇದರ ಹೆಸರೆತ್ತಿದರು?

ಅಬ್ದುಲ್ ನಜೀರ್ ಸಾಬರನ್ನು ನಮ್ಮ ಕಡೆ ಮುದುಕರು ಈಗಲೂ ನೀರ್ ಸಾಬ್ ಅನ್ನುತ್ತಾರೆ. ಊರೂರಿಗೆ ಬೋರ್‌ವೆಲ್ ಕೊರೆಸಿದ ಪುಣ್ಯಾತ್ಮ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಸಚಿವರಾಗಿದ್ದ ಆ ಮನುಷ್ಯ ಹಟ ಹಿಡಿದು ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ (ಈಗಿನ ಜಿಪಂ, ಗ್ರಾಮ ಪಂಚಾಯಿತಿಗಳ ಹಿಂದಿನ ರೂಪ) ತಂದರು. 1987ರ ಜನವರಿಯಲ್ಲಿ ಚುನಾವಣೆ ಆಯಿತು. ಹೆಣ್ಣುಮಕ್ಕಳಿಗೆ ಆಗಲೇ ಕಾಲು ಭಾಗ ಮೀಸಲು. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. ಪಂಚಾಯಿತಿಗಳಿಗೆ ಸಂವಿಧಾನದ ಬಲ ಕೊಟ್ಟ 73ನೇ ತಿದ್ದುಪಡಿ ದೇಶಕ್ಕೆ ಬಂದದ್ದು ಅದಾದ ಮೇಲೆ, 1993ರಲ್ಲಿ. ದೇಶಕ್ಕೇ ದಾರಿ ತೋರಿಸಿದ ರಾಜ್ಯ ಇವತ್ತು 2021ರಲ್ಲಿ ಅವಧಿ ಮುಗಿದಾಗಿನಿಂದ ತಾಪಂ, ಜಿಪಂಗೆ ಓಟು ಪೆಟ್ಟಿಗೆ ಇಡಲು ಆಗದೆ ಕೂತಿದೆ. ಪಕ್ಕದ ಕೇರಳದವರು ಕೊರೊನಾ ಇದ್ದಾಗಲೂ 2020ರ ಡಿಸೆಂಬರ್‌ನಲ್ಲಿ ಚುನಾವಣೆ ನಡೆಸಿದರು, 2025ರ ಡಿಸೆಂಬರ್‌ನಲ್ಲಿ ಮತ್ತೆ ನಡೆಸಿದರು.

ಯಾಕೆ ನಡೆಸುತ್ತಿಲ್ಲ ಅಂದರೆ ಶಾಸಕರಿಗೆ ಬೇಕಾಗಿಲ್ಲ. 2021ರಲ್ಲಿ ಅವಧಿ ಮುಗಿದಾಗ ಇದ್ದದ್ದು ಬಿಜೆಪಿ ಸರ್ಕಾರ. 2023ರ ಮೇ ತಿಂಗಳಿಂದ ಕಾಂಗ್ರೆಸ್ ಸರ್ಕಾರ. ಇಬ್ಬರೂ ಒಂದೇ ಕೆಲಸ ಮಾಡಿದರು, ಮುಂದೂಡಿದರು. ತಾಲೂಕಿನಲ್ಲಿ ಇಲಾಖೆಗಳ ಪ್ರಗತಿ ನೋಡುವ ಕೆಡಿಪಿ ಸಭೆಗೆ ಶಾಸಕರೇ ಅಧ್ಯಕ್ಷರು. ತಾಪಂ, ಜಿಪಂ ಇಲ್ಲದಿದ್ದರೆ ಯಾವ ಊರಿಗೆ ಯಾವ ಕೆಲಸ ಅನ್ನುವುದಕ್ಕೆ ಎದುರು ಮಾತಾಡುವವರೇ ಇರುವುದಿಲ್ಲ. ಜೊತೆಗೆ ಇನ್ನೊಂದಿದೆ. ಜಿಪಂ, ತಾಪಂ ಚುನಾವಣೆ ಪಕ್ಷದ ಚಿಹ್ನೆ ಮೇಲೆ ನಡೆಯುವಂಥದ್ದು. ಅಲ್ಲಿ ಗೆದ್ದು ಹೆಸರು ಮಾಡಿದವನು ನಾಳೆ ವಿಧಾನಸಭೆ ಟಿಕೆಟ್ ಕೇಳುತ್ತಾನೆ. ದೇವೇಗೌಡರು ಹೊಳೆನರಸೀಪುರದ ತಾಲೂಕು ಬೋರ್ಡಿನಿಂದ ಬಂದವರು, ಸಿದ್ದರಾಮಯ್ಯನವರು 1978ರಲ್ಲಿ ಮೈಸೂರು ತಾಲೂಕು ಬೋರ್ಡಿಗೆ ಗೆದ್ದವರು. ತಾವು ಹತ್ತಿ ಬಂದ ಏಣಿ ಅದು. ಇವತ್ತು ಒಂದು ಹಳ್ಳಿಯ ಬಡವರ ಮನೆಯ ಹುಡುಗಿ ರಾಜಕೀಯಕ್ಕೆ ಬರಬೇಕು ಅಂದರೆ ಎಲ್ಲಿಂದ ಬರಬೇಕು? ನೇರವಾಗಿ ಎಂಎಲ್‌ಎ ಟಿಕೆಟಿಗೆ ಕೋಟಿ ತರಲು ಅವಳಪ್ಪನ ಹತ್ತಿರ ಇದೆಯೇ?

ಈಗ 2020ರಲ್ಲಿ ಗೆದ್ದ ಗ್ರಾಮ ಪಂಚಾಯಿತಿಗಳ ಅವಧಿಯೂ ಮುಗಿದಿದೆ. ಅಲ್ಲೂ ಇದೇ ಆದರೆ ಹಳ್ಳಿಯ ಕಡೆ ಆರಿಸಿ ಬಂದವರು ಅಂತ ಉಳಿಯುವವರು ಶಾಸಕ, ಸಂಸದ ಇಬ್ಬರೇ.

ಕೋರ್ಟು ದಾರಿ

ಮೇಡಂ ಹೇಳಿದ್ದಕ್ಕೆ ಕಾನೂನಿನ ಮಾತು ಸೇರಿಸುತ್ತೇನೆ. ಸಂವಿಧಾನದ 243ಇ ವಿಧಿ ಸ್ಪಷ್ಟವಾಗಿದೆ: ಪಂಚಾಯಿತಿಯ ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು. ತಾಪಂ ರದ್ದು ಮಾಡುವುದೂ ವಿಧಾನಸೌಧದ ಕೈಯಲ್ಲಿಲ್ಲ. 243ಬಿ ಪ್ರಕಾರ 20 ಲಕ್ಷ ಮೀರದ ಜನಸಂಖ್ಯೆಯ ರಾಜ್ಯ ಮಾತ್ರ ಮಧ್ಯದ ಹಂತವನ್ನು ಬಿಡಬಹುದು. ಕರ್ನಾಟಕಕ್ಕೆ ಅದು ಅನ್ವಯಿಸುವುದಿಲ್ಲ.

ತಡ ಆದದ್ದು ಹೇಗೆ ಅಂದರೆ, ರಾಜ್ಯ ಚುನಾವಣಾ ಆಯೋಗ ಕ್ಷೇತ್ರ ವಿಂಗಡಣೆ ಮುಗಿಸಿ 2021ರ ಜುಲೈನಲ್ಲಿ ಮೀಸಲಾತಿಯ ಕರಡನ್ನೂ ಪ್ರಕಟಿಸಿತ್ತು. ಅದೇ ವರ್ಷ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು ಆ ಅಧಿಕಾರವನ್ನು ಆಯೋಗದಿಂದ ಕಿತ್ತು ಬೇರೊಂದು ಕ್ಷೇತ್ರ ಪುನರ್ವಿಂಗಡಣಾ ಆಯೋಗಕ್ಕೆ ಕೊಟ್ಟಿತು. ಅಲ್ಲಿಂದ ವಾಯಿದೆ ಮೇಲೆ ವಾಯಿದೆ. 2022ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಈ ವಿಳಂಬಕ್ಕೆ 5 ಲಕ್ಷ ರೂಪಾಯಿ ದಂಡ ಹಾಕಿತು. ಹಿಂದುಳಿದ ವರ್ಗಗಳ ಮೀಸಲಾತಿಗೆ ಸುಪ್ರೀಂ ಕೋರ್ಟಿನ ತ್ರಿವಳಿ ಪರೀಕ್ಷೆ (ಮೀಸಲಾತಿ ಕೊಡುವ ಮೊದಲು ಪೂರೈಸಬೇಕಾದ ಮೂರು ಷರತ್ತು) ಅಡ್ಡಿ ಅನ್ನುವುದು ಇನ್ನೊಂದು ನೆಪ. ಮಧ್ಯಪ್ರದೇಶಕ್ಕೂ ಅದೇ ತೊಡಕಿತ್ತು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕಾಯುವಂತಿಲ್ಲ ಅಂದಿತು, ಆ ಬೇಸಿಗೆ ಕಳೆಯುವುದರೊಳಗೆ ಅಲ್ಲಿ ಚುನಾವಣೆ ಶುರುವಾಯಿತು.

ಇದರ ಪರಿಣಾಮ ಬೆಂಗಳೂರಿನವರೆಗೂ ಹೋಗಿದೆ. ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 25 ಸ್ಥಳೀಯ ಸಂಸ್ಥೆಗಳವು. 2021ರ ಡಿಸೆಂಬರ್‌ನಲ್ಲಿ ಆ 25ಕ್ಕೆ ಚುನಾವಣೆ ನಡೆದಾಗ ಓಟು ಹಾಕಲು ತಾಪಂ, ಜಿಪಂ ಸದಸ್ಯರೇ ಇರಲಿಲ್ಲ.

ಕಲ್ಲು ಮರಳು

ಕಾನೂನು ಸರಿ, ಒಪ್ಪಿದೆ. ಆದರೆ ಮೇಡಂ, ಚುನಾವಣೆ ಆದ ಮೇಲೆ ಅಧಿಕಾರ ಇಲ್ಲದ ಸದಸ್ಯರು ಬಂದು ಏನು ಮಾಡುತ್ತಾರೆ? ನಿಮ್ಮ ಕಾಲದಲ್ಲೂ ತಾಪಂ ಸದಸ್ಯರೇ ಅನುದಾನ ಇಲ್ಲ ಅಂತ ಧರಣಿ ಕೂತದ್ದನ್ನು ನಾನು ಕಂಡಿದ್ದೇನೆ.

ಹಳೇ ಸದಸ್ಯೆ

ಕೂತಿದ್ದೆವು, ನಾನೂ ಕೂತಿದ್ದೆ. ಅನುದಾನ ಕಡಿಮೆ ಇತ್ತು, ಅಧಿಕಾರವೂ ಕಡಿಮೆ ಇತ್ತು. ಅದಕ್ಕೇ ಹೆಚ್ಚು ಕೊಡಿ ಅಂತ ಕೂತದ್ದು. ಕೊಡದೆ ಇಟ್ಟವರು, ಇವರಿಂದ ಏನೂ ಆಗಲಿಲ್ಲ ಅಂತ ಹೇಳಿ ಬಾಗಿಲನ್ನೇ ಮುಚ್ಚುವುದು ಅನ್ಯಾಯ. ಈಗಂತೂ ಇದ್ದದ್ದೂ ಹೋಗಿದೆ. ಚುನಾಯಿತ ಮಂಡಳಿ ಇಲ್ಲ ಅನ್ನುವ ಕಾರಣಕ್ಕೆ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ತಾಪಂ, ಜಿಪಂ ಪಾಲು ಕೇಂದ್ರದಲ್ಲೇ ನಿಂತಿತು. ಕೇಂದ್ರ ನಮಗೆ ತೆರಿಗೆ ಪಾಲು ಕೊಡುವುದಿಲ್ಲ ಅಂತ ರಾಜ್ಯ ಸರ್ಕಾರದವರು ದಿಲ್ಲಿಯಲ್ಲಿ ಧರಣಿ ಮಾಡಿದ್ದಾರೆ, ಆ ಮಾತಿನಲ್ಲಿ ನ್ಯಾಯ ಇದೆ, ನಾನು ಪೂರ್ತಿ ಒಪ್ಪುತ್ತೇನೆ. ಆದರೆ ದಿಲ್ಲಿ ಬೆಂಗಳೂರಿಗೆ ಮಾಡಿದ್ದನ್ನು ಬೆಂಗಳೂರು ನಮ್ಮ ತಾಲೂಕಿಗೆ ಮಾಡಬಾರದಲ್ಲ.

ನೀವು ಕಂಡ ದುಡ್ಡಿನ ಹಂಚಿಕೆ ಸುಳ್ಳಲ್ಲ. ಅಂಥವರು ನಮ್ಮ ಜೊತೆಯೂ ಇದ್ದರು, ಮುಂದಿನ ಸಲ ಸೋಲಬೇಕಿತ್ತು. ಆ ಮುಂದಿನ ಸಲವೇ ಬರಲಿಲ್ಲ.

ಬಯಲುಸೀಮೆ ಹುಡುಗ

ಅಕ್ಕಾ, ತುಂಬ ಧನ್ಯವಾದ. ಇಷ್ಟೆಲ್ಲ ಇದೆ ಅಂತ ಯಾರೂ ಹೇಳಿರಲಿಲ್ಲ. ಎರಡು ಕೇಳಬೇಕು. ನನ್ನ ಪಶು ಆಸ್ಪತ್ರೆ ಅರ್ಜಿಗೆ ಈಗ ಏನು ಮಾಡಲಿ? ಮತ್ತೆ ಚುನಾವಣೆ ಬಂದರೆ ನನ್ನ ವಯಸ್ಸಿನವರು ನಿಲ್ಲಬಹುದೇ?

ಹಳೇ ಸದಸ್ಯೆ

ನಿಲ್ಲಬಹುದು ತಮ್ಮಾ. ಪಂಚಾಯಿತಿಗೆ 21 ಆಗಿದ್ದರೆ ಸಾಕು. 2021ರಲ್ಲೇ ಚುನಾವಣೆ ನಡೆದಿದ್ದರೆ ನಿನಗೆ ಈ ಹೊತ್ತಿಗೆ ಒಂದು ಸಲವಾದರೂ ಓಟು ಹಾಕಲು ಸಿಕ್ಕಿರುತ್ತಿತ್ತು.

ಅರ್ಜಿಯನ್ನು ಟಪಾಲಿಗೆ ಹಾಕಿ ಸುಮ್ಮನಿರಬೇಡ. ಸ್ವೀಕೃತಿ ಮೊಹರು ಹಾಕಿಸಿಕೊಂಡಿದ್ದೀಯಾ? ಇಲ್ಲದಿದ್ದರೆ ಮತ್ತೊಂದು ಪ್ರತಿ ಕೊಟ್ಟು ಹಾಕಿಸಿಕೋ. ಒಂದು ಪ್ರತಿ ಪಶುಸಂಗೋಪನೆ ಇಲಾಖೆಯ ತಾಲೂಕು ಸಹಾಯಕ ನಿರ್ದೇಶಕರಿಗೆ, ಇನ್ನೊಂದು ಜಿಪಂ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ (ಸಿಇಒ). ಮೂರು ವಾರ ಬಿಟ್ಟು ಏನು ಕ್ರಮ ಆಯಿತು ಅಂತ ಹತ್ತು ರೂಪಾಯಿಯ ಮಾಹಿತಿ ಹಕ್ಕಿನ ಅರ್ಜಿ ಹಾಕು. ಜೊತೆಗೆ, ಆಡಳಿತಾಧಿಕಾರಿ ಬಂದ ಮೇಲೆ ತಾಪಂನಲ್ಲಿ ಎಷ್ಟು ಸಭೆ ನಡೆದಿದೆ, ನಡಾವಳಿ ಪ್ರತಿ ಕೊಡಿ ಅಂತ ಇನ್ನೊಂದು ಅರ್ಜಿಯಲ್ಲಿ ಕೇಳು. ಆ ನಡಾವಳಿ ಕೈಗೆ ಬಂದರೆ ಇಲ್ಲಿ ಹಾಕು, ಓದುವುದು ಹೇಗೆ ಅಂತ ನಾನು ಹೇಳಿಕೊಡುತ್ತೇನೆ.

ಕ್ಷೇತ್ರ ವಿಂಗಡಣೆಯಲ್ಲಿ ಬಹಳ ಊರುಗಳು ಅದಲು ಬದಲಾಗಿವೆ. ನಿಮ್ಮೂರು ಈಗ ಯಾವ ತಾಪಂ ಕ್ಷೇತ್ರಕ್ಕೆ, ಯಾವ ಜಿಪಂ ಕ್ಷೇತ್ರಕ್ಕೆ ಸೇರಿದೆ ಅಂತ ತಹಸೀಲ್ದಾರ್ ಕಚೇರಿಯ ಚುನಾವಣಾ ಶಾಖೆಯಲ್ಲಿ ವಿಚಾರಿಸು. ಮತದಾರರ ಪಟ್ಟಿಯಲ್ಲಿ ನಿನ್ನ ಹೆಸರಿನ ಜೊತೆಗೆ ನಿನ್ನ ಅಕ್ಕತಂಗಿಯರ ಹೆಸರೂ ಇದೆಯೋ ನೋಡು, ಮದುವೆಯಾಗಿ ಬೇರೆ ಊರಿಗೆ ಹೋದವರ ಹೆಸರು ಎರಡೂ ಕಡೆ ಬಿಟ್ಟುಹೋಗಿರುತ್ತದೆ.