ಸಹಾಯ ಬೇಕು: ಮಂಡಿ ಬದಲಾವಣೆಯ ನಂತರ ಕೊನೆಯ 10 ಡಿಗ್ರಿ ನೇರವಾಗ್ತಿಲ್ಲ

ಫಿಸಿಯೋ ಮಿತ್ರರೇ, 64 ವರ್ಷದ ಮಹಿಳೆ, ಬಲ ಮಂಡಿ ಬದಲಾವಣೆ ಶಸ್ತ್ರಚಿಕಿತ್ಸೆಯಾಗಿ 6 ವಾರ. ನಾವು ಹಿಡಿದು ಎತ್ತಿದರೆ ಕಾಲು ಪೂರ್ತಿ ನೇರ. ಅವರೇ ಎತ್ತಿದಾಗ 10 ಡಿಗ್ರಿ ಬಾಗಿಯೇ ಇರುತ್ತೆ. ಅಂದರೆ ಕೀಲು ಬಿಗಿದಿಲ್ಲ, ಕ್ವಾಡ್ರಿಸೆಪ್ಸ್ (ತೊಡೆಯ ಮುಂಭಾಗದ ಸ್ನಾಯು) ಎಚ್ಚೆತ್ತಿಲ್ಲ. ಸಂಜೆಗೆ ಊತ ಏರುತ್ತೆ. ಊತ ಇದ್ದಾಗ ಆ ಸ್ನಾಯು ಮಂಕಾಗೋದು ಗೊತ್ತಿದ್ದದ್ದೇ, ಹಾಗಾಗಿ ಐಸ್ ಇಟ್ಟ ಮೇಲೇ ವ್ಯಾಯಾಮ.

ಈಗ ಮಾಡಿಸ್ತಿರೋದು: ಮಂಡಿ ಕೆಳಗೆ ಟವಲ್ ಸುರುಳಿ, ಹಿಮ್ಮಡಿ ಎತ್ತಿ 5 ಸೆಕೆಂಡ್ ಹಿಡಿಯೋದು, 10ರಂತೆ 3 ಸೆಟ್, ದಿನಕ್ಕೆರಡು ಸಲ. ಎಡವಟ್ಟು ಇಲ್ಲೇ. ಸುಸ್ತಾದೊಡನೆ ಮಂಡಿಯೇ ಟವಲ್ ಬಿಟ್ಟು ಮೇಲೇಳುತ್ತೆ, ಕೆಲಸವೆಲ್ಲ ಸೊಂಟದ ಸ್ನಾಯುವಿಗೆ. ಟವಲ್ ಮೇಲೆ ಕಾಗದ ಇಟ್ಟು "ಜಾರಿಸಿ ಎಳೆದರೆ ಬರಬಾರದು" ಅಂದಮೇಲೆ ಸ್ವಲ್ಪ ಸುಧಾರಿಸಿದೆ. ಕುರ್ಚಿಯಿಂದ ಏಳುವಾಗಲೂ ಭಾರವೆಲ್ಲ ಎಡಗಾಲಿಗೇ. ಲ್ಯಾಗ್ (ತಾವೇ ಎತ್ತಿದಾಗ ಉಳಿಯೋ ಈ 10 ಡಿಗ್ರಿ ಬಾಗು) ಹೋಗದೆ ಕಣಕಾಲಿಗೆ ತೂಕ ಕಟ್ಟೋಕೆ ಮನಸ್ಸಿಲ್ಲ.

ಬೇಕಿರೋದು ಎರಡು. ಅರಸೀಕೆರೆ-ಹಾಸನ ಕಡೆ ಬಾಡಿಗೆಗೆ ಎನ್‌ಎಂಇಎಸ್ (ಸಣ್ಣ ವಿದ್ಯುತ್ ಕೊಟ್ಟು ಸ್ನಾಯು ಬಿಗಿಯುವಂತೆ ಮಾಡೋ) ಯಂತ್ರ ಸಿಗುತ್ತಾ? (ಟೆನ್ಸ್ ಯಂತ್ರ ಬೇಡ, ಅದು ನೋವು ಕಡಿಮೆ ಮಾಡೋಕೆ.) 50 ಹರ್ಟ್ಸ್, 10 ಸೆಕೆಂಡ್ ಆನ್, 50 ಸೆಕೆಂಡ್ ಆಫ್ ಅಂದುಕೊಂಡಿದ್ದೀನಿ. ಇಷ್ಟು ತಡವಾಗಿ ಶುರು ಮಾಡಿದವರಿಗೆ ಎಷ್ಟು ವಾರಕ್ಕೆ ಲ್ಯಾಗ್ ಇಳಿಯಿತು?