ಕೋಲಾರದ ಕಡೆ ಆಯುಷ್ಮಾನ್ ಕಾರ್ಡಿಗೆ ನೋಡುವ ಎಂಡೋಕ್ರೈನಾಲಜಿಸ್ಟ್ ಇದ್ದಾರಾ?

ಬಂಗಾರಪೇಟೆ_ಬಿ:
ಅಮ್ಮನಿಗೆ 54 ವರ್ಷ. ಶುಗರ್ ಮೊದಲಿಂದ ಇದೆ, ಈಗ ಕುತ್ತಿಗೆಯಲ್ಲಿ ಗಂಟು. ಥೈರಾಯ್ಡ್ ಟೆಸ್ಟಿನಲ್ಲಿ ಟಿಎಸ್ಎಚ್ 0.05 (ತುಂಬಾ ಕಡಿಮೆ), ಫ್ರೀ ಟಿ4 ಹಾರ್ಮೋನ್ ಜಾಸ್ತಿ. ಇಲ್ಲಿನ ಡಾಕ್ಟರು ಹಾರ್ಮೋನ್ ತಜ್ಞರಿಗೆ, ಅಂದರೆ ಎಂಡೋಕ್ರೈನಾಲಜಿಸ್ಟ್‌ಗೆ ತೋರಿಸಿ ಅಂದಿದ್ದಾರೆ. ಬಿಪಿಎಲ್ ಕಾರ್ಡ್ ಇದೆ, ಆಯುಷ್ಮಾನ್ ಕಾರ್ಡೂ ಮಾಡಿಸಿದ್ದೇವೆ. ತಮ್ಮನಿಗೆ ನರಸಾಪುರದ ಫ್ಯಾಕ್ಟರಿಯಲ್ಲಿ ಸಂಬಳದಿಂದ ಇಎಸ್ಐ (ನೌಕರರ ವಿಮೆ) ಕಟ್ ಆಗುತ್ತೆ. ಯಾವ ಕಾರ್ಡ್ ಎಲ್ಲಿ ನಡೆಯುತ್ತೆ?

ಕೌಂಟರ್_ನಂ_4:
ಮೇಡಂ, ಮೊದಲು ಒಂದು ವಿಷಯ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಅಡ್ಮಿಷನ್ನಿಗೆ, ಆಪರೇಷನ್ನಿಗೆ ದುಡ್ಡು ಕೊಡುವ ಯೋಜನೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಆದರೆ ಪ್ಯಾಕೇಜಿನ 30% ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಖಾಸಗಿ ಆಸ್ಪತ್ರೆಯ ಒಪಿಡಿ (ಅಡ್ಮಿಟ್ ಆಗದೆ ತೋರಿಸಿಕೊಂಡು ಬರುವುದು) ಚೀಟಿ, ತಿಂಗಳ ಮಾತ್ರೆ, ಪದೇ ಪದೇ ಮಾಡಿಸುವ ಥೈರಾಯ್ಡ್ ಟೆಸ್ಟು ಅದರಲ್ಲಿ ಬರಲ್ಲ. ಥೈರಾಯ್ಡ್ ಕಾಯಿಲೆಯಲ್ಲಿ ಮುಕ್ಕಾಲು ಪಾಲು ಖರ್ಚು ಇದೇ. ಹಾಗಾಗಿ "ಕಾರ್ಡ್ ತಗೋತಾರಾ" ಅನ್ನುವುದಕ್ಕಿಂತ "ಒಪಿಡಿ ಎಲ್ಲಿ ಕಡಿಮೆಗೆ ಆಗುತ್ತೆ" ಅಂತ ಹುಡುಕಿ.

ಅದಕ್ಕೆ ನೇರ ಉತ್ತರ ಬೆಂಗಳೂರು ಜಯನಗರದ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್. ಹಿಂದೆ ಡಯಾಬೆಟಾಲಜಿ ಸಂಸ್ಥೆ ಅಂತಿತ್ತಲ್ಲ, ಅದೇ. ರಾಜ್ಯ ಸರ್ಕಾರದ್ದು. ಶುಗರ್ರೂ ಥೈರಾಯ್ಡೂ ಒಂದೇ ಕಡೆ ನೋಡುತ್ತಾರೆ. ಬಂಗಾರಪೇಟೆಯಿಂದ ರೈಲಿನಲ್ಲಿ ಮೆಜೆಸ್ಟಿಕ್, ಅಲ್ಲಿಂದ ಹಸಿರು ಮೆಟ್ರೋದಲ್ಲಿ ಲಾಲ್‌ಬಾಗ್, ಆಮೇಲೆ ಆಟೋ. ಒಪಿಡಿ ಚೀಟಿ ಬೆಳಿಗ್ಗೆಯೇ ಮಾಡಿಸಬೇಕು, ಮಧ್ಯಾಹ್ನ ಹೋದರೆ ಆ ದಿನ ವ್ಯರ್ಥ.

ಅದಕ್ಕೂ ಮೊದಲು ಕೋಲಾರದಲ್ಲೇ ಎಸ್ಎನ್ಆರ್ ಜಿಲ್ಲಾಸ್ಪತ್ರೆಯ ಮೆಡಿಸಿನ್ ಒಪಿಡಿಗೆ ಒಮ್ಮೆ ಹೋಗಿ. ಅಲ್ಲಿಂದ ರೆಫರಲ್ ಬರೆಸಿಕೊಳ್ಳಿ, ಆಪರೇಷನ್ ಅಂತಾದಾಗ ಬೇಕೇ ಬೇಕು. ತುರ್ತು ಚಿಕಿತ್ಸೆಗೆ ಮಾತ್ರ ರೆಫರಲ್ ಇಲ್ಲದೆ ನಡೆಯುತ್ತೆ. ಟಮಕದ ಜಾಲಪ್ಪ ಆಸ್ಪತ್ರೆ ಹತ್ತಿರ ಅಂತ ಹೋಗುವುದಾದರೆ ಮೊದಲೇ ಫೋನ್ ಮಾಡಿ, ಎಂಡೋಕ್ರೈನಾಲಜಿಯವರು ವಾರದಲ್ಲಿ ಯಾವ ದಿನ ಕೂರುತ್ತಾರೆ ಅಂತ ಕೇಳಿ. ಬೋರ್ಡಿನಲ್ಲಿ "ಡಯಾಬೆಟಾಲಜಿಸ್ಟ್" ಅಂತಿದ್ದರೆ ಅದು ಬೇರೆ, ಅವರು ಶುಗರ್ ನೋಡುವವರು. ಡಿಎಂ ಅಥವಾ ಡಿಆರ್‌ಎನ್‌ಬಿ ಎಂಡೋಕ್ರೈನಾಲಜಿ ಅಂತ ಡಿಗ್ರಿ ಇದೆಯಾ ನೋಡಿ.

ಫ್ಯಾಕ್ಟರಿ_ಎಚ್ಆರ್:
ಮೇಲಿನವರು ಇಎಸ್ಐ ಬಿಟ್ಟುಬಿಟ್ಟರು. ನನ್ನ ಪ್ರಕಾರ ನಿಮಗೆ ಅದೇ ವಾಸಿ, ಯಾಕೆಂದರೆ ಇಎಸ್ಐನಲ್ಲಿ ಒಪಿಡಿ, ಮಾತ್ರೆ, ಟೆಸ್ಟ್ ಎಲ್ಲಾ ಸೇರುತ್ತೆ. ತಮ್ಮನ ಸಂಬಳ 21,000ದ ಒಳಗಿದ್ದು, ಅಮ್ಮನ ಸ್ವಂತ ಆದಾಯ ತಿಂಗಳಿಗೆ 9,000 ದಾಟದೆ, ಅವನನ್ನೇ ನಂಬಿಕೊಂಡಿದ್ದರೆ ಅವರನ್ನೂ ಸೇರಿಸಬಹುದು.

ಎಡವಟ್ಟಾಗುವುದು ಇಲ್ಲಿ: ಕೆಲಸಕ್ಕೆ ಸೇರಿಸುವಾಗ ಕಾಂಟ್ರಾಕ್ಟರು ಬರೀ ಹುಡುಗನ ಹೆಸರು ಹಾಕಿ ಮುಗಿಸಿರುತ್ತಾರೆ, ಡಿಸ್ಪೆನ್ಸರಿ (ಇಎಸ್ಐನವರು ಮೊದಲು ತೋರಿಸಬೇಕಾದ ಚಿಕಿತ್ಸಾಲಯ) ಅಂತ ಬೇರೆ ಊರಿನದು ಹಾಕಿರುತ್ತಾರೆ. ಇಎಸ್ಐನ ಗುರುತಿನ ಚೀಟಿ, ಅಂದರೆ ಇ-ಪೆಹಚಾನ್ ಕಾರ್ಡ್ ಪ್ರಿಂಟ್ ತೆಗೆದು ಎರಡೂ ನೋಡಿ. ಅಮ್ಮನ ಹೆಸರು, ಫೋಟೋ ಇರಬೇಕು. ಡಿಸ್ಪೆನ್ಸರಿ ನಿಮಗೆ ಹತ್ತಿರದ್ದಾಗಿರಬೇಕು. ಇಲ್ಲದಿದ್ದರೆ ಮೊದಲು ಎಚ್ಆರ್ ಮೂಲಕ ಸರಿಮಾಡಿಸಿ. ಡಿಸ್ಪೆನ್ಸರಿಯಿಂದ ಇಎಸ್ಐ ಆಸ್ಪತ್ರೆಗೆ, ಅಲ್ಲಿ ಸ್ಪೆಷಲಿಸ್ಟ್ ಇಲ್ಲದಿದ್ದರೆ ಒಪ್ಪಂದದ ಆಸ್ಪತ್ರೆಗೆ, ಹೀಗೆ ಹಂತಹಂತವಾಗಿ ಬರೆಯುತ್ತಾರೆ. ನೇರ ಖಾಸಗಿಗೆ ಹೋಗಿ ಬಿಲ್ ತಂದು ಆಮೇಲೆ ದುಡ್ಡು ಕೇಳಿದರೆ ಸಾಮಾನ್ಯವಾಗಿ ಸಿಗಲ್ಲ.

ಲ್ಯಾಬ್_ಟೆಕ್ನಿಷಿಯನ್_ಮುಳಬಾಗಿಲು:
ಕಾರ್ಡಿನ ಮಾತು ಇರಲಿ, ಆ ರಿಪೋರ್ಟ್ ನೋಡಿ ಹೇಳುತ್ತಿದ್ದೇನೆ. ಟಿಎಸ್ಎಚ್ ಇಷ್ಟು ಕೆಳಗಿದ್ದು ಗಂಟೂ ಇದ್ದರೆ ಅಲ್ಟ್ರಾಸೌಂಡ್ ಜೊತೆ ಥೈರಾಯ್ಡ್ ಸ್ಕ್ಯಾನ್ ಹೇಳುತ್ತಾರೆ, ಅಂದರೆ ಟೆಕ್ನೀಷಿಯಂ ಅನ್ನುವ ಸ್ವಲ್ಪ ವಿಕಿರಣದ ಔಷಧ ಹಾಕಿ ತೆಗೆಯುವುದು. ಗಂಟೇ ಹಾರ್ಮೋನ್ ಜಾಸ್ತಿ ಮಾಡುತ್ತಿದ್ದರೆ ಸೂಜಿ ಚುಚ್ಚಿ ಗಂಟಿನ ಕಣ ತೆಗೆದು ನೋಡುವ ಎಫ್ಎನ್ಎಸಿ ಟೆಸ್ಟು ಬಹುಪಾಲು ಬೇಕಾಗಲ್ಲ. ಅಷ್ಟರೊಳಗೆ ಯಾರಾದರೂ ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟ ಬರಲು ಕೊಡುವ ಔಷಧ) ಹಾಕಿ ಕುತ್ತಿಗೆ ಸಿಟಿ ಸ್ಕ್ಯಾನ್ ಮಾಡಿಸಿ ಅಂದರೆ, "ಥೈರಾಯ್ಡ್ ಸ್ಕ್ಯಾನ್ ಬಾಕಿ ಇದೆ, ಮೊದಲೇ ಮಾಡಬಹುದಾ" ಅಂತ ಕೇಳಿ. ಆ ಕಾಂಟ್ರಾಸ್ಟಿನಲ್ಲಿ ಅಯೋಡಿನ್ ಇರುತ್ತೆ. ಅದು ಮೈಯಲ್ಲಿದ್ದರೆ ಹಲವು ವಾರ ಸ್ಕ್ಯಾನ್ ಸರಿಯಾಗಿ ಬರಲ್ಲ.

ಕೂದಲಿಗೆ ಅಂತ ಬಯೋಟಿನ್ ವಿಟಮಿನ್ ಮಾತ್ರೆ ತಗೊಳ್ಳುತ್ತಿದ್ದರೆ ರಕ್ತ ಕೊಡುವ ಎರಡು ದಿನ ಮೊದಲು ನಿಲ್ಲಿಸಿ. ಕೆಲವು ಮಷೀನಿನಲ್ಲಿ ಅದರಿಂದಲೇ ಟಿಎಸ್ಎಚ್ ಸುಳ್ಳಾಗಿ ಕೆಳಗೆ, ಟಿ4 ಮೇಲೆ ತೋರಿಸುತ್ತೆ. ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ಟೆಸ್ಟು) ಒಂದನ್ನೇ ನಂಬಬೇಡಿ, ಫಾಸ್ಟಿಂಗ್ ಮತ್ತು ಊಟದ ನಂತರದ ಶುಗರ್ ಎರಡೂ ಬರೆದುಕೊಂಡು ಹೋಗಿ.

ಥೈರಾಯ್ಡ್ ಹಾರ್ಮೋನ್ ಇಳಿಸುವ ಮಾತ್ರೆ ಕಾರ್ಬಿಮಜೋಲ್ ಶುರು ಮಾಡಿದ ಮೇಲೆ ಜ್ವರ, ಗಂಟಲು ನೋವು ಬಂದರೆ ಮಾತ್ರೆ ನಿಲ್ಲಿಸಿ ಅವತ್ತೇ ಸಿಬಿಸಿ (ರಕ್ತಕಣ ಎಣಿಸುವ ಟೆಸ್ಟು) ಮಾಡಿಸಿ ಡಾಕ್ಟರಿಗೆ ತೋರಿಸಿ. ಅಪರೂಪಕ್ಕೆ ಬಿಳಿ ರಕ್ತಕಣ ಪೂರ್ತಿ ಬಿದ್ದುಹೋಗುತ್ತೆ.

ಬಂಗಾರಪೇಟೆ_ಬಿ:
ತುಂಬಾ ಉಪಕಾರ ಆಯ್ತು. ಗಂಟು ತೆಗೆಯಬೇಕು ಅಂದರೆ ತಕ್ಷಣ ಆಯುಷ್ಮಾನ್‌ನಲ್ಲಿ ಅಡ್ಮಿಟ್ ಮಾಡಿಸಬಹುದಾ? ಕೈಯಲ್ಲಿರೋ ರೆಫರಲ್ ಚೀಟಿಯಲ್ಲಿ ಬರೀ "ಹೈಯರ್ ಸೆಂಟರ್" ಅಂತ ಬರೆದಿದ್ದಾರೆ. ಆಧಾರ್‌ನಲ್ಲಿ ವೆಂಕಟಲಕ್ಷ್ಮಮ್ಮ, ರೇಷನ್ ಕಾರ್ಡಿನಲ್ಲಿ ಲಕ್ಷ್ಮಮ್ಮ ಅಂತಿದೆ.

ಕೌಂಟರ್_ನಂ_4:
ತಕ್ಷಣ ಆಗಲ್ಲ. ಹಾರ್ಮೋನ್ ಹತೋಟಿಗೆ ಬರದೆ ಅರಿವಳಿಕೆ ಕೊಡುವುದಿಲ್ಲ. ಹಾರ್ಮೋನ್ ಒಮ್ಮೆಲೇ ವಿಪರೀತವಾಗಿ ಥೈರಾಯ್ಡ್ ಸ್ಟಾರ್ಮ್ ಆದರೆ ಜೀವಕ್ಕೇ ಅಪಾಯ. ಮಾತ್ರೆ ಶುರು ಮಾಡಿ ನಾಲ್ಕರಿಂದ ಆರು ವಾರಕ್ಕೆ ಫ್ರೀ ಟಿ4 ನೋಡುತ್ತಾರೆ. ಟಿಎಸ್ಎಚ್ ಇನ್ನೂ ತಿಂಗಳುಗಟ್ಟಲೆ ಕೆಳಗೇ ಇರಬಹುದು, ಗಾಬರಿ ಬೇಡ. ಇನ್ನೊಂದು, ಆಪರೇಷನ್ ಮಾಡುವವರು ಸರ್ಜನ್, ಎಂಡೋಕ್ರೈನಾಲಜಿಸ್ಟ್ ಅಲ್ಲ. ದಿನಾಂಕ ಗೊತ್ತಾದ ಮೇಲೆ ಆ ಆಸ್ಪತ್ರೆಯಲ್ಲಿ ಈ ಯೋಜನೆಗೆ ಸಹಾಯ ಮಾಡುವ ಆರೋಗ್ಯಮಿತ್ರರ ಹತ್ತಿರ ಹೋಗಿ. ಪ್ರೀ-ಆಥರೈಸೇಷನ್ (ಯೋಜನೆಯ ಮುಂಗಡ ಒಪ್ಪಿಗೆ) ಅರ್ಜಿ ಆಸ್ಪತ್ರೆಯೇ ಹಾಕಬೇಕು, ಅದು ಬರುವ ಮೊದಲು ಬಿಲ್ ಕಟ್ಟಬೇಡಿ. ದುಡ್ಡು ಕೇಳಿದರೆ ಆಯುಷ್ಮಾನ್ ಸಹಾಯವಾಣಿ 14555ಕ್ಕೆ ಫೋನ್ ಮಾಡಿ.

ಚೀಟಿ ವಾಪಸ್ ತಗೊಂಡು ಹೋಗಿ ಬದಲಾಯಿಸಿ. ಅದರಲ್ಲಿ ಕಾಯಿಲೆ ಏನು, ಯಾವ ವಿಭಾಗಕ್ಕೆ, ಡಾಕ್ಟರ ಸಹಿ, ಸೀಲು, ದಿನಾಂಕ ಇಷ್ಟೂ ಬೇಕು. "ಹೈಯರ್ ಸೆಂಟರ್" ಅಂತ ಮಾತ್ರ ಇದ್ದರೆ ಕೌಂಟರಿನಲ್ಲಿ ನಿಮ್ಮನ್ನು ಜನರಲ್ ಮೆಡಿಸಿನ್ ಕ್ಯೂನಲ್ಲಿ ನಿಲ್ಲಿಸುತ್ತಾರೆ. ಹೆಸರಿನ ವ್ಯತ್ಯಾಸ ಅಡ್ಮಿಷನ್ ದಿನ ಸರಿಹೋಗಲ್ಲ, ಈಗಲೇ ರೇಷನ್ ಕಾರ್ಡಿನಲ್ಲಿ ಆಧಾರ್‌ನಲ್ಲಿರುವ ಹಾಗೆ ತಿದ್ದಿಸಲು ಅರ್ಜಿ ಹಾಕಿ, ಆ ರಸೀದಿ ಫೈಲಿನಲ್ಲಿ ಇಟ್ಟುಕೊಳ್ಳಿ.