ರೋಟಾಕ್ಸ್ 912: ಬಲಬದಿಯ ಕಾರ್ಬ್ಯುರೇಟರಿನಿಂದ ಪೆಟ್ರೋಲ್ ಸೋರಿಕೆ

ಪ್ರಶ್ನೆ:
ನಮ್ಮ ಎರಡು ಆಸನದ ವಿಮಾನದಲ್ಲಿ ರೋಟಾಕ್ಸ್ 912 ಎಂಜಿನ್ ಇದೆ. ಎಂಜಿನ್ ಚಾಲೂ ಮಾಡುವ ಮೊದಲು ವಿದ್ಯುತ್ ಪಂಪ್ ಹಾಕಿದ ಒಂದೆರಡು ನಿಮಿಷಗಳಲ್ಲಿಯೇ ಬಲಬದಿಯ ಬಿಂಗ್ ಕಾರ್ಬ್ಯುರೇಟರಿನ ಕೆಳಗಿರುವ ತಟ್ಟೆಯ ಕೊಳವೆಯಿಂದ ಪೆಟ್ರೋಲ್ ತೊಟ್ಟಿಕ್ಕುತ್ತದೆ. ಎಡಬದಿಯಲ್ಲಿ ಒಂದು ಹನಿಯೂ ಇಲ್ಲ. ಐಡ್ಲಿಂಗ್‌ನಲ್ಲಿ ಎಂಜಿನ್ ನಡುಗುತ್ತದೆ, ವೇಗ ಹೆಚ್ಚಿಸಿದರೆ ಸರಿಹೋಗುತ್ತದೆ. ಐದು ವರ್ಷ ತುಂಬಿದ್ದರಿಂದ ಕಳೆದ ವಾರ ಇಂಧನದ ರಬ್ಬರ್ ಕೊಳವೆಗಳನ್ನು ಬದಲಿಸಿದ್ದೇವೆ. ಈಗ ಬೌಲಿನ (ಕಾರ್ಬ್ಯುರೇಟರಿನ ತಳದಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲಿನ) ಗ್ಯಾಸ್ಕೆಟ್ ಬದಲಿಸಿದರೆ ಸಾಕೇ, ಬೌಲಿಗೆ ಪೆಟ್ರೋಲ್ ಬರುವ ದಾರಿಯನ್ನು ಮುಚ್ಚುವ ನೀಡಲ್ ವಾಲ್ವನ್ನೂ ಬದಲಿಸಬೇಕೇ?

ಉತ್ತರ 1:
ಕಾರಣ ತಿಳಿಯುವವರೆಗೆ ದಯವಿಟ್ಟು ಎಂಜಿನ್ ಚಾಲೂ ಮಾಡಬೇಡಿ. ಸೋರಿದ ಪೆಟ್ರೋಲ್ ಕೆಳಗಿನ ಬಿಸಿ ಎಕ್ಸಾಸ್ಟ್ ಕೊಳವೆಯ ಮೇಲೆ ಬೀಳಬಾರದೆಂದೇ ಆ ತಟ್ಟೆಯನ್ನು ಇಟ್ಟಿರುವುದು. ಬಿಡಿಭಾಗ ತರಿಸುವ ಮೊದಲು ಎಲ್ಲವನ್ನೂ ಒರೆಸಿ ಒಣಗಿಸಿ, ಪಂಪ್ ಹಾಕಿ, ಮೊದಲ ಹನಿ ಎಲ್ಲಿ ಕಾಣಿಸುತ್ತದೆ ಎಂದು ನೋಡಿ. ಬೌಲಿನ ಅಂಚಿನಲ್ಲಿ ಒಸರಿದರೆ ಗ್ಯಾಸ್ಕೆಟ್. ಬೌಲಿಗೆ ಗಾಳಿಯಾಡಲು ಇರುವ ಗಾಳಿಕೊಳವೆಯಿಂದ ಬಂದರೆ ಬೌಲು ತುಂಬಿ ಹರಿಯುತ್ತಿದೆ ಎಂದರ್ಥ. ಐಡ್ಲಿಂಗ್‌ನ ನಡುಕ ಎರಡನೆಯದರತ್ತ ಬೊಟ್ಟುಮಾಡುತ್ತದೆ.

ಹಾಗಿದ್ದರೆ ಫ್ಲೋಟುಗಳನ್ನು (ಬೌಲಿನ ಪೆಟ್ರೋಲಿನಲ್ಲಿ ತೇಲುವ ಬಿಲ್ಲೆಗಳನ್ನು) ತೂಗಿ. ಪ್ರತಿ ಬೌಲಿನಲ್ಲಿ ಬಿಡಿಬಿಡಿಯಾಗಿ ತೇಲುವ ಎರಡು ಫ್ಲೋಟುಗಳಿದ್ದು, ಅವು ಮೇಲೇರಿ ಒಂದು ತೋಳನ್ನು ಎತ್ತಿದಾಗಲೇ ನೀಡಲ್ ಮುಚ್ಚಿಕೊಳ್ಳುತ್ತದೆ. ಪೆಟ್ರೋಲ್ ಹೀರಿದ ಫ್ಲೋಟು ಭಾರವಾಗಿ ತಗ್ಗಿ ತೇಲುವುದರಿಂದ, ನೀಡಲ್ ಹೊಸದಾಗಿದ್ದರೂ ಬೌಲು ಉಕ್ಕುತ್ತದೆ. ಎರಡೂ ಸೇರಿ 7 ಗ್ರಾಂ ಮೀರಬಾರದು. ಗ್ರಾಂನ ದಶಮಾಂಶ ತೋರಿಸುವ ತಕ್ಕಡಿಯೇ ಬೇಕು, ಅಡುಗೆಮನೆಯದು ಸಾಲದು.

ಉತ್ತರ 2:
ಸಾಮಾನ್ಯವಾಗಿ ಇಂಧನದ ಒತ್ತಡವನ್ನೂ ನೋಡಬೇಕು. ಅದು ಮಿತಿ ಮೀರಿದರೆ ಒಳ್ಳೆಯ ನೀಡಲನ್ನೂ ತಳ್ಳಿ ತೆರೆಯುತ್ತದೆ. ಆದರೆ ಎರಡೂ ಕಾರ್ಬ್ಯುರೇಟರುಗಳಿಗೆ ಒಂದೇ ಪಂಪಿನ ಒತ್ತಡ ಹೋಗುವಾಗ ಒಂದು ಮಾತ್ರ ಸೋರುತ್ತಿರುವುದರಿಂದ, ನನಗೆ ಪಂಪಿನ ಮೇಲೆ ಅನುಮಾನವಿಲ್ಲ. ಕೊಳವೆ ಬದಲಿಸಿದ ಮರುವಾರವೇ ಸೋರಿಕೆ ಶುರುವಾದದ್ದು ಕಾಕತಾಳೀಯವೆಂದೂ ನಾನು ನಂಬಲಾರೆ. ನೀಡಲ್ ಕೂರುವ ಜಾಗದಲ್ಲಿ ಕಸವಿದೆಯೇ ನೋಡಿ.

ಪ್ರಶ್ನೆ ಕೇಳಿದವರು:
ಬೌಲಿನ ಅಂಚು ಒಣಗಿತ್ತು, ಗಾಳಿಕೊಳವೆ ತೊಯ್ದಿತ್ತು. ಫ್ಲೋಟುಗಳ ಜೋಡಿ 6.3 ಗ್ರಾಂ ತೂಗಿತು. ನೀಡಲ್ ಹೊರತೆಗೆದಾಗ ಅದರ ತುದಿಗೆ ಸಾಸಿವೆಗಿಂತ ಚಿಕ್ಕದಾದ ಕಪ್ಪು ರಬ್ಬರ್ ಚೂರೊಂದು ಅಂಟಿತ್ತು. ತೊಳೆದು ಜೋಡಿಸಿ ಹತ್ತು ನಿಮಿಷ ಪಂಪ್ ಓಡಿಸಿದೆವು, ಸೋರಿಕೆ ನಿಂತಿದೆ.

ಉತ್ತರ 2:
ಚೂರು ಸಿಕ್ಕಿತು, ಆದರೆ ಅದು ಕಿತ್ತುಬಂದ ಜಾಗ ಇನ್ನೂ ಸಿಕ್ಕಿಲ್ಲ. ಮೊಂಡು ಅಲಗಿನಿಂದ ಕತ್ತರಿಸಿದ ಕೊಳವೆಯನ್ನು ಒತ್ತಿ ತೂರಿಸುವಾಗ ಒಳಪದರ ಕೆರೆದುಹೋಗುತ್ತದೆ. ಫಿಲ್ಟರಿನಿಂದ ಕಾರ್ಬ್ಯುರೇಟರಿನವರೆಗಿನ ಕೊಳವೆಗಳ ತುದಿಗಳನ್ನು ಬಿಚ್ಚಿ ಒಳಭಾಗ ಪರೀಕ್ಷಿಸಿ, ಎಡಬದಿಯ ಬೌಲನ್ನೂ ತೆರೆದು ತಳ ನೋಡಿ. ಆಮೇಲಷ್ಟೇ ನೆಲದ ಮೇಲೆ ಎಂಜಿನ್ ಓಡಿಸಿ, ನಿಲ್ಲಿಸಿದ ಬಳಿಕ ಎರಡೂ ತಟ್ಟೆಗಳನ್ನು ಮತ್ತೊಮ್ಮೆ ಗಮನಿಸಿ.